ಸ್ವೀಟ್ ಸಿಂಡ್ರೋಮ್ ಚಿಕಿತ್ಸೆಯ ಕ್ಲೇಮು ತಿರಸ್ಕರಿಸಿರುವ ಬಗ್ಗೆ ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ಕಂಪನಿ, ಬೆಂಗಳೂರು

ಮಾನ್ಯರೇ,

ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾಗಿರುವ ನನ್ನ ತಂದೆಯವರ ಕೀಮೋಥೆರಪಿಯ ಬಿಲ್ಲನ್ನು ತಾವು ತಕರಾರಿಲ್ಲದೆ ಪಾವತಿಸಿದ್ದೀರಿ. ಆದರೆ ಜ್ವರ ಮತ್ತು ಉಸಿರಾಟದ ತೊಂದರೆಯಿಂದ ಅವರು ಮತ್ತೆ ಆಸ್ಪತ್ರೆ ಸೇರಿದಾಗಿನ ಕ್ಲೇಮನ್ನು, ಇದು ಚರ್ಮದ ಅಲರ್ಜಿ, ಸೋಂಕು ದೃಢಪಟ್ಟಿಲ್ಲ, ಒಳರೋಗಿಯಾಗುವ ಅಗತ್ಯವಿರಲಿಲ್ಲ ಎಂಬ ಕಾರಣ ಕೊಟ್ಟು ತಿರಸ್ಕರಿಸಿದ್ದೀರಿ.

ಇದು ಅಲರ್ಜಿಯಲ್ಲ, ಸ್ವೀಟ್ ಸಿಂಡ್ರೋಮ್ ಎಂಬ ಕಾಯಿಲೆ. ಕುತ್ತಿಗೆ ಮತ್ತು ತೋಳುಗಳ ಮೇಲೆ ಎದ್ದಿದ್ದ, ಮುಟ್ಟಿದರೆ ನೋಯುವ ಕೆಂಪು ದದ್ದುಗಳ ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಚರ್ಮದ ಒಳಪದರದಲ್ಲಿ ಕಿಕ್ಕಿರಿದಿದ್ದವು. 1964ರಲ್ಲಿ ಇಂಗ್ಲೆಂಡಿನ ಚರ್ಮವೈದ್ಯ ರಾಬರ್ಟ್ ಡಗ್ಲಸ್ ಸ್ವೀಟ್ ಮೊದಲು ವಿವರಿಸಿದ ಈ ಕಾಯಿಲೆ ಬೇರೆ ಕಾರಣಗಳಿಂದಲೂ ಬರಬಹುದಾದರೂ, ಕ್ಯಾನ್ಸರಿನ ಜೊತೆ ಬಂದಾಗ ಅದರ ಹಿಂದೆ ಹೆಚ್ಚಾಗಿ ಇರುವುದು ಇದೇ ಲುಕೇಮಿಯಾ. ಅಪರೂಪಕ್ಕೆ ಅದೇ ಕಣಗಳು ಶ್ವಾಸಕೋಶಕ್ಕೂ ನುಗ್ಗುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಅದು ನ್ಯುಮೋನಿಯಾದಂತೆಯೇ ಕಾಣುತ್ತದೆ.

ತಮ್ಮ ವೈದ್ಯಕೀಯ ಪರಿಶೀಲಕರು ಎಡವಿರುವುದು ಇಲ್ಲಿಯೇ. ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮಾಡುವ ಪರೀಕ್ಷೆ) ಮಾಡಿ ಶ್ವಾಸಕೋಶದಿಂದ ತೆಗೆದ ದ್ರವದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ಕ್ಷಯ ಯಾವುದೂ ಸಿಗಲಿಲ್ಲ ಎಂಬುದನ್ನು ಅವರು ಗಂಭೀರ ಕಾಯಿಲೆಯೇ ಇರಲಿಲ್ಲ ಎಂದು ಓದಿಕೊಂಡಿದ್ದಾರೆ. ವಾಸ್ತವದಲ್ಲಿ ಶ್ವಾಸಕೋಶದಲ್ಲಿದ್ದದ್ದು ಸೋಂಕಲ್ಲ, ಇದೇ ಕಾಯಿಲೆ ಎಂದು ಪತ್ತೆಯಾದದ್ದೇ ಆ ಫಲಿತಾಂಶದಿಂದ. ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳದೆ ಲುಕೇಮಿಯಾ ರೋಗಿಗೆ ಈ ಕಾಯಿಲೆಯ ಮದ್ದಾದ ಸ್ಟೀರಾಯ್ಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು ಅಪಾಯಕರ, ಕೊಡಲು ತಡಮಾಡಿದರೆ ಉಸಿರಾಟವೇ ವಿಫಲವಾಗಬಹುದು. ಆಂಟಿಬಯಾಟಿಕ್‌ಗಳಿಗೆ ಜಗ್ಗದ ಜ್ವರ ಸ್ಟೀರಾಯ್ಡ್ ಆರಂಭಿಸಿದೊಡನೆ ಇಳಿಯತೊಡಗಿ, ಕ್ರಮೇಣ ಆಮ್ಲಜನಕವನ್ನೂ ತೆಗೆಯಲಾಯಿತೆಂದು ಡಿಸ್ಚಾರ್ಜ್ ಸಾರಾಂಶದ ಎರಡನೇ ಪುಟದಲ್ಲಿದೆ. ಆಮ್ಲಜನಕದ ಮೇಲಿದ್ದ ರೋಗಿಗೆ ಇದನ್ನೆಲ್ಲ ಹೊರರೋಗಿ ವಿಭಾಗದಲ್ಲೇ ಮಾಡಬಹುದಿತ್ತು ಎನ್ನುವವರು ಆ ಪುಟವನ್ನು ತಿರುವಿದಂತೆ ಕಾಣುವುದಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ, ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೂ ಪಾಲಿಸಿಯ ನಿರ್ದಿಷ್ಟ ಷರತ್ತನ್ನು ಹೆಸರಿಸಿ ಕಾರಣ ತಿಳಿಸಬೇಕು. ತಮ್ಮ ಪತ್ರದಲ್ಲಿ ಸಮಿತಿಯ ಪ್ರಸ್ತಾಪವೂ ಇಲ್ಲ, ಷರತ್ತಿನ ಸಂಖ್ಯೆಯೂ ಇಲ್ಲ.

ಆದ್ದರಿಂದ ಕಡತವನ್ನು ರಕ್ತರೋಗ ತಜ್ಞರೊಬ್ಬರಿಂದ ಮರುಪರಿಶೀಲಿಸಿ, ಇದನ್ನು ಲುಕೇಮಿಯಾದ ತೊಡಕೆಂದೇ ಪರಿಗಣಿಸಿ ಪೂರ್ಣ ಮೊತ್ತವನ್ನು ಪಾವತಿಸಬೇಕೆಂದು ಕೋರುತ್ತೇನೆ. ಒಂದು ತಿಂಗಳೊಳಗೆ ಸಮರ್ಪಕ ಉತ್ತರ ಬಾರದಿದ್ದಲ್ಲಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸುತ್ತೇನೆ. ಬಯಾಪ್ಸಿ, ಸಿಟಿ, ಬ್ರಾಂಕೋಸ್ಕೋಪಿ ವರದಿಗಳನ್ನೂ ಡಿಸ್ಚಾರ್ಜ್ ಸಾರಾಂಶವನ್ನೂ ಮತ್ತೊಮ್ಮೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪಾಲಿಸಿದಾರರ ಮಗಳು