ಗಾಲೆ ಕೋಟೆಯಿಂದ, ಆಯಿಗೆ ಓದಿ ಹೇಳುವ ಮುನ್ನ

ಕೊಲಂಬೊ,
ಫೆಬ್ರವರಿ, ಹುಣ್ಣಿಮೆಯ ಮರುದಿನ

ತೀರ್ಥರೂಪ ಅಪ್ಪಯ್ಯನಿಗೂ ಆಯಿಗೂ ಮಗಳ ಸಾಷ್ಟಾಂಗ ನಮಸ್ಕಾರ.

ನಾನು ಕ್ಷೇಮ. ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಯಾವುದೂ ತೋಟದ ಮನೆಗೆ ಸರಿಯಾಗಿ ತಲುಪುವುದಿಲ್ಲ, ತಲುಪಿದರೂ ಎರಡು ದಿನದಲ್ಲಿ ಎಲ್ಲಿಗೋ ಹೋಗಿಬಿಡುತ್ತದೆ, ಕಾಗದವೇ ಬರಿ ಅಂದಿದ್ದಿರಲ್ಲ, ಅದಕ್ಕೇ ಈ ಕಾಗದ. ಆಯಿಯ ಕಣ್ಣಿನ ಆಪರೇಷನ್ ಆಗಿ ಇನ್ನೂ ಹದಿನೈದು ದಿನ ಆಗಿಲ್ಲ, ಹಾಗಾಗಿ ಓದಿ ಹೇಳುವವರು ನೀವೇ. ಒಂದು ಕೋರಿಕೆ. ಮುಂದೆ ಎಲ್ಲೆಲ್ಲಿ ‘ಸ್ಕೂಟರ್’ ಅಂತ ಬರುತ್ತದೋ ಅಲ್ಲೆಲ್ಲ ‘ರಿಕ್ಷಾ’ ಅಂತ ಓದಿಬಿಡಿ. ಪಿಯುಸಿಯಲ್ಲಿದ್ದಾಗ ನಿಮ್ಮ ಹಳೇ ಸ್ಕೂಟರ್ ತಗೊಂಡು ಮಿರ್ಜಾನ್ ಕೋಟೆಯ ದಾರಿಯ ಜಲ್ಲಿಯಲ್ಲಿ ಬಿದ್ದು ಮಂಡಿ ಒಡೆದುಕೊಂಡ ದಿನ ಆಯಿ ಹಾಕಿದ ಆಣೆ ನನಗೆ ಮರೆತಿಲ್ಲ. ನಾನು ಬಿಟ್ಟಿದ್ದಲ್ಲ ಅಪ್ಪಯ್ಯ, ಹಿಂದೆ ಕೂತಿದ್ದು ಅಷ್ಟೇ.

ಇಲ್ಲಿ ಪ್ರತಿ ಹುಣ್ಣಿಮೆಗೂ ಸರಕಾರಿ ರಜೆ. ಪೋಯ ಅನ್ನುತ್ತಾರೆ. ಬೆಳಿಗ್ಗೆ ಎದ್ದರೆ ಬಿಳಿ ಬಟ್ಟೆ ಉಟ್ಟು ಬುದ್ಧ ವಿಹಾರಕ್ಕೆ ಹೋಗುವವರೇ ದಾರಿ ತುಂಬ. ಆಫೀಸಿನ ಗೆಳತಿಯೊಬ್ಬಳು, ನೀನು ಆರು ತಿಂಗಳಿಂದ ಬರೀ ಬಟ್ಟೆ ಕಾರ್ಖಾನೆಯ ಲೆಕ್ಕ ನೋಡುತ್ತ ಕೂತಿದ್ದೀಯ, ನಡಿ ಗಾಲೆಗೆ, ಅಂತ ಎಳೆದುಕೊಂಡು ಹೊರಟಳು. ಕೊಲಂಬೊದಿಂದ ರೈಲು. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಬೇಕು, ಸಮುದ್ರ ಅಷ್ಟು ಹತ್ತಿರ ಬರುತ್ತದೆ. ನಮ್ಮ ಕೊಂಕಣ ರೈಲಿನಲ್ಲಿ ಕೂತು ಹೊಳೆ, ಸುರಂಗ, ಗುಡ್ಡ ನೋಡಿದವಳಿಗೆ ಅಲೆಯ ಪಕ್ಕದಲ್ಲೇ ಹಳಿ ಹಾಕಿದ್ದು ನೋಡಿ ಸ್ವಲ್ಪ ಭಯವೇ ಆಯಿತು. ಭಯಕ್ಕೆ ಕಾರಣವೂ ಇತ್ತು. ಪೆರಲಿಯ ಅನ್ನುವ ಊರು ದಾಟುವಾಗ ಗೆಳತಿ ಮಾತು ನಿಲ್ಲಿಸಿದಳು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಇದೇ ಹಳಿಯ ಮೇಲೆ ನಿಂತಿದ್ದ ರೈಲು ಕೊಚ್ಚಿಹೋಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಈಗ ಎತ್ತರದ ಒಂದು ಬುದ್ಧನ ವಿಗ್ರಹ ಇದೆ. ಗಾಡಿಯಲ್ಲಿದ್ದ ಒಬ್ಬ ಅಜ್ಜಿ ಕೈಮುಗಿದರು. ನಾನೂ ಮುಗಿದೆ.

ನಿಲ್ದಾಣದ ಎದುರು ನಮ್ಮ ‘ಗೈಡು’ ಎರಡು ಸ್ಕೂಟರ್ ಇಟ್ಟುಕೊಂಡು ಕಾಯುತ್ತಿದ್ದಳು. ಹೌದು, ಹುಡುಗಿ. ಇಪ್ಪತ್ತೈದರ ಒಳಗಿನ ವಯಸ್ಸು, ಮನೆ ಕೋಟೆಯ ಒಳಗೇ. ನನ್ನನ್ನು ನೋಡಿದ ಕೂಡಲೆ ‘ಅಕ್ಕಾ’ ಅಂದಳು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ! ಅಮ್ಮ ಅಂದರೆ ಅಮ್ಮ. ತಂಗಿಗೆ ಮಾತ್ರ ‘ನಂಗಿ’, ತಮ್ಮನಿಗೆ ‘ಮಲ್ಲಿ’. ಆಫೀಸಿನಲ್ಲಿ ಮೊದಲ ವಾರ ಎಲ್ಲರೂ ಚಹಾ ತರುವ ಹುಡುಗನನ್ನು ಮಲ್ಲಿ ಮಲ್ಲಿ ಅಂತ ಕರೆಯುವುದು ಕೇಳಿ, ಗಡ್ಡ ಬಿಟ್ಟವನಿಗೆ ಇದೆಂಥ ಹೆಸರಪ್ಪಾ ಅಂದುಕೊಂಡಿದ್ದೆ. ಸರಿ, ನಾನು ನಂಗಿಯ ಹಿಂದೆ ಕೂತೆ, ಗೆಳತಿ ಇನ್ನೊಂದನ್ನು ತಾನೇ ಬಿಟ್ಟುಕೊಂಡು ಬಂದಳು. ಹಿಂದೆ ಕೂತವರಿಗೂ ಇಲ್ಲಿ ಹೆಲ್ಮೆಟ್ ಕಡ್ಡಾಯ. (ಇದನ್ನು ಬೇಕಾದರೆ ಆಯಿಗೆ ಓದಿ. ರಿಕ್ಷಾದಲ್ಲಿ ಹೆಲ್ಮೆಟ್ ಯಾಕೆ ಅಂತ ಕೇಳಿದರೆ ಮಾತ್ರ ಉತ್ತರ ನಿಮ್ಮದೇ.)

ಕೋಟೆಗಿಂತ ಮೊದಲು ಕಾಣುವುದು ನಿಮ್ಮ ಕ್ರಿಕೆಟ್ ಮೈದಾನ. ಗೋಡೆಯ ಬುಡದಲ್ಲೇ ಇದೆ. 2008ರಲ್ಲಿ ಕುಂಬ್ಳೆ ಕ್ಯಾಪ್ಟನ್, ಸೆಹ್ವಾಗ್ ಔಟಾಗದೆ 201 ಹೊಡೆದು ನಾವು ಗೆದ್ದ ಟೆಸ್ಟ್ ಇಲ್ಲೇ ನಡೆದದ್ದು. ಅಡಿಕೆ ಮರ ಹತ್ತಿ ಕೊಳೆಮದ್ದು ಹೊಡೆಯಲು ಬಂದ ಕೊನೆಗೌಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಟಿವಿ ನೋಡಿದ್ದಿರಿ, ಆಯಿ ಬೈದದ್ದು ನೆನಪಿದೆ. ಮುರಳೀಧರನ್ 800ನೇ ವಿಕೆಟ್ ತೆಗೆದದ್ದೂ ಇಲ್ಲೇ, 2010ರಲ್ಲಿ, ಅದೂ ನಮ್ಮ ಓಝಾನದು. ಟಿವಿಯಲ್ಲಿ ಬೌಲರಿನ ಹಿಂದೆ ಕಾಣುತ್ತಿದ್ದ ಆ ಕಪ್ಪು ಗೋಡೆ ಮತ್ತು ಗಡಿಯಾರದ ಗೋಪುರ ಇದೆಯಲ್ಲ, ಅದರ ಕೆಳಗಿನ ಬಾಗಿಲಲ್ಲೇ ನಾವು ಒಳಗೆ ಹೋದೆವು. ಆ ಬಾಗಿಲು ಹಳೆಯದಲ್ಲ, ಬ್ರಿಟಿಷರು 1873ರಲ್ಲಿ ಗೋಡೆ ಒಡೆದು ಮಾಡಿದ್ದು.

ನಿಜವಾದ ಹಳೇ ಬಾಗಿಲು ಬಂದರದ ಕಡೆಗಿದೆ. ನಂಗಿ ಅಲ್ಲಿ ಸ್ಕೂಟರ್ ನಿಲ್ಲಿಸಿ, ಒಂದು ಸಲ ಹೊರಗಿನಿಂದ, ಒಂದು ಸಲ ಒಳಗಿನಿಂದ ತಲೆ ಎತ್ತಿ ನೋಡು ಅಕ್ಕ, ಅಂದಳು. ಹೊರಗಡೆ ಬ್ರಿಟಿಷ್ ರಾಜನ ಲಾಂಛನ. ಒಳಗಡೆ ಡಚ್ ಈಸ್ಟ್ ಇಂಡಿಯಾ ಕಂಪನಿಯದು: ಎರಡು ಸಿಂಹ, ನಡುವೆ ಕಂಪನಿಯ ಹೆಸರಿನ ವಿಒಸಿ ಅಕ್ಷರ, ಮೇಲೊಂದು ಹುಂಜ, ಕೆಳಗೆ 1669. ಊರಿನ ಹೆಸರು ಕೇಳಿ ‘ಗ್ಯಾಲಸ್’, ಅಂದರೆ ಲ್ಯಾಟಿನ್ನಿನ ಹುಂಜ, ಅಂದುಕೊಂಡು ಅದನ್ನೇ ಕೆತ್ತಿದರಂತೆ. ಇಲ್ಲಿಯವರು ಊರನ್ನು ‘ಗಾಲ್ಲ’ ಅನ್ನುತ್ತಾರೆ, ಹುಂಜಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈ ಬಾಗಿಲ ಮೇಲೆಯೇ ಉದ್ದಾನುದ್ದ ಉಗ್ರಾಣ. ಗೋಡೆ ಎಷ್ಟು ದಪ್ಪ ಅಂದರೆ ಬಾಗಿಲೊಳಗೆ ನಿಂತಾಗ ಮಟಮಟ ಮಧ್ಯಾಹ್ನದಲ್ಲೂ ಬೆನ್ನು ತಣ್ಣಗಾಯಿತು. ದಾಲ್ಚಿನ್ನಿ, ಮೆಣಸು ಎಲ್ಲ ಇಲ್ಲಿ ತುಂಬಿಟ್ಟು ಹಡಗಿಗೆ ಏರಿಸುತ್ತಿದ್ದರು. ಈಗ ಅದು ಕಡಲ ವಸ್ತುಗಳ ಮ್ಯೂಸಿಯಂ.

ಡಚ್ಚರಿಗೂ ಮೊದಲು ಪೋರ್ಚುಗೀಸರು. ಲೊರೆನ್ಸೊ ದ ಅಲ್ಮೇಡ ಅನ್ನುವವನ ಹಡಗುಗಳು 1505ರಲ್ಲಿ ಗಾಳಿಗೆ ಸಿಕ್ಕಿ ಲಂಕೆಯ ಕಡೆ ಬಂದವು ಅಂತ ನಂಗಿ ಶುರು ಮಾಡಿದಳು. ತಡಿ ಮಾರಾಯ್ತಿ, ಆ ಅಲ್ಮೇಡ ನನಗೂ ಗೊತ್ತು, ಅಂದೆ! ಅದೇ ವರ್ಷ ಅವನ ಅಪ್ಪ ಫ್ರಾನ್ಸಿಸ್ಕೊ ನಮ್ಮ ಹೊನ್ನಾವರಕ್ಕೆ ಬಂದು ಬೆಂಕಿ ಇಟ್ಟದ್ದು ನೀವೇ ಅಲ್ಲವೇ ಶರಾವತಿ ಸೇತುವೆ ದಾಟುವಾಗೆಲ್ಲ ಹೇಳುತ್ತಿದ್ದದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂದರು ಅಂತ ನಾನೂ ಅವಳಿಗೆ ಹೇಳಿದೆ. ಮಿರ್ಜಾನಿನ ಫೋಟೊ ತೋರಿಸಿದೆ. ಅವಳು ನೋಡಿ, ನಿಮ್ಮದು ಕೆಂಪು, ನಮ್ಮದು ಕಪ್ಪು, ಅಂದಳು. ಸರಿಯಾಗಿ ಹೇಳಿದಳು. ನಮ್ಮದು ಚಿರೆಕಲ್ಲು, ಇಲ್ಲಿಯದು ಕರಿಕಲ್ಲು ಮತ್ತು ಸಮುದ್ರದ ಹವಳದ ಕಲ್ಲು. ಹತ್ತಿರ ಹೋಗಿ ನೋಡಿದರೆ ಗೋಡೆಯಲ್ಲಿ ಹವಳದ ರಂಧ್ರಗಳು ಹಾಗೆಹಾಗೇ ಇವೆ.

ಪೋರ್ಚುಗೀಸರಿಂದ ಡಚ್ಚರು ಇದನ್ನು ಕಸಿದದ್ದು 1640ರಲ್ಲಿ, ಡಚ್ಚರಿಂದ ಬ್ರಿಟಿಷರಿಗೆ ಬಂದದ್ದು 1796ರಲ್ಲಿ. ಇಸವಿಗಳು ಸಾಕು. ನಿಮಗೆ ಬೇಕಾದದ್ದು ಬೇರೆ ಇದೆ, ಅದನ್ನೇ ಬರೆಯುತ್ತೇನೆ: ಚರಂಡಿ.

ಕೋಟೆಯ ಒಳಗೆ ಸುಮಾರು 90 ಎಕರೆ. ಅಷ್ಟರಲ್ಲಿ ಮನೆ, ಕೋರ್ಟು, ಚರ್ಚು, ಮಸೀದಿ, ವಿಹಾರ ಎಲ್ಲ ಇವೆ. ಬೀದಿಗಳು ನೂಲು ಹಿಡಿದ ಹಾಗೆ ನೇರ. ಒಂದರ ಹೆಸರು ಲೇನ್ ಬಾನ್, ಅಂದರೆ ಡಚ್ಚಿನಲ್ಲಿ ಹಗ್ಗ ಹೊಸೆಯುವ ಜಾಗ. ಹಡಗಿನ ಹಗ್ಗ ಹೊಸೆಯಲು ಉದ್ದ ಬೇಕಲ್ಲ. ಈ ಬೀದಿಗಳ ಅಡಿಯಲ್ಲಿ ಡಚ್ಚರು ಇಟ್ಟಿಗೆಯ ಚರಂಡಿ ಕಟ್ಟಿ ಸಮುದ್ರಕ್ಕೆ ಬಾಯಿ ಬಿಟ್ಟಿದ್ದಾರೆ. ಭರತ ಬಂದಾಗ ನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಕೊಳೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಪಂಪಿಲ್ಲ, ಆಳಿಲ್ಲ, ದಿನಕ್ಕೆರಡು ಸಲ ಸಮುದ್ರವೇ ಬಂದು ತೊಳೆದು ಹೋಗುವುದು! ಮಳೆಗಾಲಕ್ಕೆ ಮೊದಲು ತೋಟದಲ್ಲಿ ನೀರು ಹರಿಯುವ ಕಾದಿಗೆ ತೆಗೆಸುವಾಗ ಒಂದು ಬೆರಳಿನ ಇಳಿಜಾರಿಗೆ ನೀವು ಎಷ್ಟು ಜಗಳ ಆಡುತ್ತೀರೋ, ಅಷ್ಟೇ ಜಗಳ ಆಡಿದ ಒಬ್ಬ ಡಚ್ಚ ಇಲ್ಲಿ ಇದ್ದಿರಲೇಬೇಕು. ಆ ಚರಂಡಿಗಳಲ್ಲಿದ್ದ ಸೊಂಡಿಲಿಗಳನ್ನು ಹಿಡಿದು ಕಸ್ತೂರಿಯಂಥ ಎಣ್ಣೆ ತೆಗೆದು ಮಾರುತ್ತಿದ್ದರಂತೆ. ಇದು ನಂಗಿ ಹೇಳಿದ್ದು. ನಮ್ಮ ಕೊಟ್ಟಿಗೆಯಲ್ಲಿ ಓಡಾಡುವ ಸೊಂಡಿಲಿಯ ವಾಸನೆಗೆ ದುಡ್ಡು ಕೊಡುವವರು ಯಾರೋ, ನನಗಂತೂ ತಿಳಿಯದು.

ಡಚ್ಚರ ಚರ್ಚು 1755ರದ್ದು. ಒಳಗೆ ನೆಲವೆಲ್ಲ ಸಮಾಧಿ ಕಲ್ಲುಗಳೇ, ತಲೆಬುರುಡೆ ಕೆತ್ತಿದ್ದೂ ಇವೆ. ಮೆಟ್ಟುವುದಕ್ಕೆ ಮನಸ್ಸಾಗದೆ ಅಂಚಿನಲ್ಲೇ ನಡೆದೆ. ಲೈಟ್‌ಹೌಸಿನ ಎದುರಿಗಿರುವ ಬಿಳೀ ಕಟ್ಟಡವನ್ನೂ ಚರ್ಚು ಅಂದುಕೊಂಡು ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತಲು ಹೋದೆ, ನಂಗಿ ತೋಳು ಹಿಡಿದು ನಿಲ್ಲಿಸಿದಳು. ಎರಡು ಗೋಪುರ, ಕಿಟಕಿ ಎಲ್ಲ ಚರ್ಚಿನ ಹಾಗೆ, ಆದರೆ ಅದು ಮಸೀದಿ.

ಗೋಡೆಯ ಮೇಲೆ ಗಾಡಿ ಹೋಗುವುದಿಲ್ಲ, ನಡೆಯಬೇಕು. 1939ರ ಲೈಟ್‌ಹೌಸಿನ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ ಹತ್ತಿದೆವು. ಒಂದು ಕಡೆ ಬರೀ ಸಮುದ್ರ, ಇನ್ನೊಂದು ಕಡೆ ಬಂದರದ ಕೊಲ್ಲಿ. ಕೊಲ್ಲಿಯಲ್ಲಿ ನಾಲ್ಕೈದು ದೋಣಿ ಬಿಟ್ಟರೆ ಏನೂ ಇರಲಿಲ್ಲ. ಒಂದು ಕಾಲಕ್ಕೆ ಯುರೋಪಿನಿಂದ ಬರುವ ಹಬೆ ಹಡಗುಗಳೆಲ್ಲ ಇಲ್ಲೇ ನಿಲ್ಲುತ್ತಿದ್ದವು. ಆದರೆ ನೀರಿನ ಅಡಿ ಬಂಡೆಗಳು. ಬ್ರಿಟಿಷರು 1875ರಲ್ಲಿ ಕೊಲಂಬೊದಲ್ಲಿ ಅಲೆ ತಡೆಯುವ ಕಟ್ಟೆಗೆ ಕಲ್ಲು ಹಾಕಿದರು, ಅದು ಮುಗಿದ ಮೇಲೆ ಹಡಗುಗಳು ಅತ್ತ ತಿರುಗಿದವು. ಗಾಲೆ ಹಾಗೇ ಮಲಗಿತು. ಕೋಟೆ ಉಳಿದದ್ದು ಅದಕ್ಕೇ ಅಂತ ನನಗನ್ನಿಸುತ್ತದೆ. ವ್ಯಾಪಾರ ಜೋರಿದ್ದಿದ್ದರೆ ಯಾರಾದರೂ ಗೋಡೆ ಕೆಡವಿ ಗೋದಾಮು ಕಟ್ಟಿರುತ್ತಿದ್ದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಈಗ ಮನೆಮನೆಯೂ ಹೋಟೆಲು, ಕಾಫಿ ಅಂಗಡಿ. ನಂಗಿಯ ಬೀದಿಯಲ್ಲಿ ಊರಿನವರು ವಾಸ ಇರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದಂತೆ. ಅವಳ ಅಪ್ಪನೂ ಮನೆ ಮಾರುವ ಮಾತಾಡುತ್ತಿದ್ದಾರೆ. ಅದನ್ನು ಹೇಳುವಾಗ ಅವಳು ಗಾಡಿಯ ಕನ್ನಡಿ ಒರೆಸುತ್ತಿದ್ದಳು.

ಸುನಾಮಿಯ ದಿನ ಅವಳಿಗೆ ನಾಲ್ಕು ವರ್ಷ. ಗೋಡೆ ಅಲೆಯನ್ನು ತಡೆದು ಕೋಟೆಯ ಒಳಗಿನವರನ್ನು ಉಳಿಸಿತು. ಹೊರಗಿನ ಬಸ್ ಸ್ಟ್ಯಾಂಡು, ಆ ಮೈದಾನ ಎಲ್ಲ ನೀರುಪಾಲು. ಇದೇ ಗೋಡೆಯ ಮೇಲೆ ಅಪ್ಪ ಅವಳನ್ನು ಎತ್ತಿಕೊಂಡು ನಿಂತಿದ್ದರಂತೆ, ನೆನಪಿರುವುದು ಅಪ್ಪನ ಅಂಗಿಯ ಬೆವರಿನ ವಾಸನೆ ಮಾತ್ರ ಅಂದಳು. ಮೈದಾನ ಮತ್ತೆ ಆಟಕ್ಕೆ ತೆರೆಯಲು ಮೂರು ವರ್ಷ ಹಿಡಿಯಿತು.

ಇನ್ನು ಆಯಿಗೆ. ಆಯಿ, ಕೊಲ್ಲಿಯ ಆಚೆ ದಡದಲ್ಲಿ ಹಸಿರು ಗುಡ್ಡವೊಂದಿದೆ, ರೂಮಸ್ಸಲ ಅಂತ. ಹನುಮಂತ ಸಂಜೀವಿನಿ ಪರ್ವತ ಹೊತ್ತು ತರುವಾಗ ಅದರದೊಂದು ಚೂರು ಇಲ್ಲಿ ಬಿತ್ತು ಅಂತ ಇಲ್ಲಿಯವರ ನಂಬಿಕೆ. ಪಕ್ಕದ ಊರಿನ ಹೆಸರು ಉನವಟುನ, ‘ಬಿದ್ದುಹೋಯಿತು’ ಅನ್ನುವ ಮಾತಿನಿಂದ ಬಂದದ್ದಂತೆ. ಈಗಲೂ ಅಲ್ಲಿ ಔಷಧದ ಗಿಡಗಳು ಸಿಗುತ್ತವಂತೆ. ರಾವಣನ ದೇಶಕ್ಕೆ ಯಾಕೆ ಹೋಗುತ್ತೀ ಅಂತ ಬೈದಿದ್ದೆಯಲ್ಲ, ರಾವಣನೇ ಆತ್ಮಲಿಂಗ ಹಿಡಿದು ನಮ್ಮ ಗೋಕರ್ಣಕ್ಕೆ ಬಂದವನು. ನಾನು ತಿರುಗಿ ಅವನ ಮನೆಗೆ ಬಂದಿದ್ದೇನೆ, ಲೆಕ್ಕ ಸಮ.

ಊಟದ್ದು ಮಾತ್ರ ಫಜೀತಿ. ಇಂಡಿಯಪ್ಪ ಅಂತ ಕೊಡುತ್ತಾರೆ, ನಮ್ಮ ಶಾವಿಗೆಯೇ. ಜೊತೆಗೆ ಕೆಂಪಗೆ ಕಾಯಿಚಟ್ನಿ, ಪೊಲ್ ಸಂಬೋಲ ಅನ್ನುತ್ತಾರೆ. ಚಟ್ನಿ ತಾನೇ ಅಂತ ಬಂದ ಹೊಸದರಲ್ಲಿ ಎರಡು ವಾರ ಚಪ್ಪರಿಸಿ ತಿಂದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಒಣಮೀನಿನ ಪುಡಿ ಹಾಕುತ್ತಾರೆ! ಉಂಬಲಕಡ ಅಂತ ಅದರ ಹೆಸರು. (ಅಪ್ಪಯ್ಯ, ಈ ನಾಲ್ಕು ಸಾಲನ್ನೂ ಹಾರಿಸಿಬಿಡಿ.) ಈಗ ಹೋದಲ್ಲೆಲ್ಲ ಮೊದಲು ‘ಮಾಳು ಎಪಾ’, ಮೀನು ಬೇಡ, ಅನ್ನುತ್ತೇನೆ, ಆಮೇಲೆ ಕೂರುತ್ತೇನೆ. ಗಾಲೆಯಲ್ಲಿ ಹೊಟ್ಟೆ ತುಂಬಿದ್ದು ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿನಿಂದ. ಅದರ ಮೇಲೆ ಕಿತುಲ್ ಪಾಣಿ ಸುರಿಯುತ್ತಾರೆ. ಕಿತುಲ್ ಅಂದರೆ ನಮ್ಮ ಬೈನೆ ಮರ. ಜೋನಿಬೆಲ್ಲದ ಹಾಗೇ ಇದೆ, ಸ್ವಲ್ಪ ಹೊಗೆಯ ವಾಸನೆ ಜಾಸ್ತಿ. ನಮ್ಮ ಗುಡ್ಡದ ಬೈನೆಯ ಎಲೆ ಗಣಪತಿಯ ಮಂಟಪಕ್ಕೆ ಬಿಟ್ಟು ಇನ್ಯಾವುದಕ್ಕೂ ಬರುವುದಿಲ್ಲ ಅಂದುಕೊಂಡಿದ್ದೆವಲ್ಲ.

ಒಂದು ರತ್ನದ ಅಂಗಡಿಯವ ನೀಲಮಣಿ ಅಂತ ಏನೋ ತೋರಿಸಿ ಅರ್ಧ ಗಂಟೆ ತಲೆ ತಿಂದ. ತಗೊಳ್ಳಲಿಲ್ಲ. ತಗೊಂಡಿದ್ದು ಕಾಲು ಕಿಲೊ ದಾಲ್ಚಿನ್ನಿ. ನಮ್ಮ ಪೇಟೆಯಲ್ಲಿ ಸಿಗುವ ದಪ್ಪ ಚಕ್ಕೆ ಬೇರೆ ಜಾತಿ ಅಪ್ಪಯ್ಯ, ಇದು ಕಾಗದದಷ್ಟು ತೆಳ್ಳಗೆ, ಸುರುಳಿಯೊಳಗೆ ಸುರುಳಿ. ಹೊರಗಿನ ಸಿಪ್ಪೆ ಹೆರೆದು, ಹಿತ್ತಾಳೆಯ ಕೋಲಿನಿಂದ ಉಜ್ಜಿ, ಒಳತೊಗಟೆ ಹರಿಯದಂತೆ ಬಿಡಿಸುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ, ನೆರಳಲ್ಲೇ ಒಣಗಬೇಕು. ಇಷ್ಟು ತೆಳು ತೊಗಟೆಗಾಗಿ ಅಷ್ಟು ದಪ್ಪ ಗೋಡೆ ಕಟ್ಟಿದರಲ್ಲ ಅಂತ ರೈಲಿನಲ್ಲಿ ಬರುವಾಗ ಮೂಸಿ ಮೂಸಿ ನಗು ಬಂತು.

ಕುಮಟೆಯಲ್ಲಿ ಪಾಸ್‌ಪೋರ್ಟಿನ ಅರ್ಜಿ ತುಂಬಲು ಯಾರಾದರೂ ಸಿಕ್ಕಾರು, ನೋಡಿ. ಅಡಿಕೆ ಕೊಯ್ಲು ಮುಗಿಸಿ, ಮಳೆ ಹಿಡಿಯುವುದರೊಳಗೆ ಇಬ್ಬರೂ ಬನ್ನಿ. ಬರುವಾಗ ಅಪ್ಪೆಮಿಡಿ ಒಂದು ಡಬ್ಬಿ. ಗಾಲೆಗೆ ರೈಲಿನಲ್ಲೇ ಹೋಗೋಣ, ಕೋಟೆಯ ಒಳಗೆ ಆಯಿಗೆ ರಿಕ್ಷಾ ಮಾಡೋಣ, ಈ ಸಲ ನಿಜವಾದ ರಿಕ್ಷಾ. ನಿಮಗೆ ಬೇಕಾದರೆ ನಂಗಿಯ ಹತ್ತಿರ ಇನ್ನೊಂದು ಹೆಲ್ಮೆಟ್ ಇದೆ.

ಜೊತೆಗೆ ಒಂದು ಫೋಟೊ ಇಟ್ಟಿದ್ದೇನೆ. ಹಳೇ ಬಾಗಿಲಿನದು, ಹುಂಜ ಚೆನ್ನಾಗಿ ಬಂದಿದೆ. ಎಡಗಡೆ ಮೂಲೆಯಲ್ಲಿ ಸ್ಕೂಟರಿನ ಹಿಂದಿನ ಚಕ್ರ ಕಾಣುತ್ತದೆ. ಆಯಿಯ ಕಣ್ಣಿನ ಪಟ್ಟಿ ಬಿಚ್ಚುವುದರೊಳಗೆ ಅಷ್ಟನ್ನು ಕತ್ತರಿಸಿಬಿಡಿ.

ನಿಮ್ಮ ಮಗಳು