ವಿಚಾರಣೆಯಿಲ್ಲದ ಸೆರೆಗೆ ಕಾನೂನಿನ ಮುದ್ರೆ ಬೇಡ

ಮಾನ್ಯ ಸಂಪಾದಕರೇ,

ಹಲ್ಲಿನ ಚಿಕಿತ್ಸೆಗೆಂದು ಕೈದಿಯೊಬ್ಬನನ್ನು ಕೋಣೆಯಿಂದ ಹೊರಗೆ ತರುತ್ತಾರೆ. ಕೈಕಾಲಿಗೆ ಸರಪಳಿ, ಕಣ್ಣಿಗೆ ಏನೂ ಕಾಣದ ಕಪ್ಪು ಕನ್ನಡಕ, ಕಿವಿಗೆ ಸದ್ದು ತಡೆಯುವ ಮುಚ್ಚಿಗೆ. ಆತ ಹೋಸೆ ಪಡಿಯಾ, ಅಮೆರಿಕದಲ್ಲೇ ಹುಟ್ಟಿದ ಪ್ರಜೆ. 2002ರ ಮೇನಲ್ಲಿ ಭಯೋತ್ಪಾದನೆಯ ಶಂಕೆಯ ಮೇಲೆ ಷಿಕಾಗೊ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಮರುತಿಂಗಳು ಅಧ್ಯಕ್ಷ ಬುಷ್ ಅವನನ್ನು ‘ಶತ್ರು ಯೋಧ’, ಅಂದರೆ ಸೇನೆಯ ವಶದಲ್ಲಿ ಇಡಬಹುದಾದ ಶತ್ರು, ಎಂದು ಘೋಷಿಸಿದರು. ಅಷ್ಟಕ್ಕೇ ಮೂರೂವರೆ ವರ್ಷ ನೌಕಾಪಡೆಯ ಸೆರೆ! ಆರೋಪಪಟ್ಟಿ ಇಲ್ಲ, ಸುಮಾರು ಎರಡು ವರ್ಷ ವಕೀಲರ ಭೇಟಿಗೂ ಅವಕಾಶವಿರಲಿಲ್ಲ. ಕೊನೆಗೆ ನಾಗರಿಕ ನ್ಯಾಯಾಲಯವೇ ವಿಚಾರಣೆ ನಡೆಸಿ, 2007ರಲ್ಲಿ ಅವನು ದೋಷಿಯೆಂದು ತೀರ್ಮಾನವಾಯಿತು. ಹಾಗಿದ್ದರೆ ಮೊದಲೇ ಅಲ್ಲಿಗೆ ಒಯ್ಯಲು ಏನು ಅಡ್ಡಿಯಿತ್ತು?

ಇಷ್ಟಾದರೂ ಅಮೆರಿಕದ ಸಂಸತ್ತು ಪಾಠ ಕಲಿಯಲಿಲ್ಲ. 2011ರ ಡಿಸೆಂಬರ್ 31ರಂದು ಒಬಾಮ ಸಹಿ ಹಾಕಿದ ರಕ್ಷಣಾ ಕಾಯ್ದೆಯ 1021ನೇ ಸೆಕ್ಷನ್, ವಿಚಾರಣೆಯಿಲ್ಲದೆ ಸೇನಾ ವಶದಲ್ಲಿ ಇಡುವ ಅಧಿಕಾರವನ್ನು ದೃಢಪಡಿಸಿತು. ಅಮೆರಿಕದ ಪ್ರಜೆಗಳನ್ನೂ ಹೀಗೆ ಇಡಬಹುದೇ ಎಂಬ ಹಳೆಯ ಗೊಂದಲವನ್ನು ಹಾಗೆಯೇ ಉಳಿಸಿತು. ತಮ್ಮ ಸರ್ಕಾರ ಪ್ರಜೆಗಳ ಮೇಲೆ ಅದನ್ನು ಬಳಸುವುದಿಲ್ಲ ಎಂದು ಒಬಾಮ ಬರೆದುಕೊಟ್ಟರು, ನಿಜ. ಆದರೆ ಒಬ್ಬ ಅಧ್ಯಕ್ಷರ ಮಾತು ಮುಂದಿನವರನ್ನು ಕಟ್ಟಿಹಾಕುವುದಿಲ್ಲ.

ದೂರದ ಸಂಗತಿಯೆಂದು ನಾವು ಸುಮ್ಮನಿರಲಾಗದು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ವಿಚಾರಣೆಯಿಲ್ಲದೆ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅಮೆರಿಕದ ಪ್ರಜೆಗಳಾಗಿರುವ ಕನ್ನಡಿಗರು ತಮ್ಮ ಸಂಸದರಿಗೆ ಪತ್ರ ಬರೆದು, ಈ ಸೆಕ್ಷನ್ ರದ್ದತಿಗೆ ಒತ್ತಾಯಿಸಬೇಕು.

– ಓದುಗ, ಮೈಸೂರು