ಹೆಸರು ಕುಸುಬಿಯದು, ಗುಳಿಗೆಯಲ್ಲಿರುವುದು ಬೇರೆ

ಸಂಪಾದಕರಿಗೆ ನಮಸ್ಕಾರ,

ಹುಬ್ಬಳ್ಳಿಯ ಕೇಶ್ವಾಪುರದ ಕಡೆ 22 ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಕಳೆದ ವಾರ ನಮ್ಮ ಓಣಿಯ ಅಕ್ಕ ಒಬ್ಬರು ಒಂದು ಬಾಟಲಿ ತಂದು ಕೌಂಟರ್ ಮೇಲೆ ಇಟ್ಟರು. "ಅಣ್ಣಾರ, ನಮ್ಮ ಹುಡುಗ ದಿನಾ ಇದರಾಗ ಮೂರು ನುಂಗಾಕತ್ತಾನ್ರಿ. ಕುಸುಬಿ ಎಣ್ಣೀದಂತ. ಕುಸುಬಿ ಎಣ್ಣಿ ನಾವು ಸಣ್ಣವರಿದ್ದಾಗಿಂದ ಉಂಡೇವಿ. ಏನೂ ಆಗೂದಿಲ್ಲ, ಹೌದಿಲ್ರಿ?"

ಹುಡುಗನಿಗೆ 24 ವರ್ಷ. ಹೊಟ್ಟೆ ಕರಗಿಸಬೇಕೆಂದು ಜಿಮ್ ಸೇರಿದ್ದಾನೆ. ಅಲ್ಲಿ ಕಲಿಸುವವರೇ 1,400 ರೂಪಾಯಿಗೆ ಈ ಬಾಟಲಿ ಕೊಟ್ಟಿದ್ದಾರೆ. ಮೇಲೆ ದೊಡ್ಡದಾಗಿ ಕುಸುಬಿ ಹೂವಿನ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಸಿಎಲ್‌ಎ, ಅಂದರೆ ಕಾಂಜುಗೇಟೆಡ್ ಲಿನೋಲಿಕ್ ಆಸಿಡ್. ಒಂದೊಂದು ಗುಳಿಗೆ 1,000 ಮಿಲಿಗ್ರಾಂ.

ನಾನು ನವಲಗುಂದ ತಾಲ್ಲೂಕಿನವನು. ನಮ್ಮ ಹಿಂಗಾರಿ ಜೋಳದ ಹೊಲದ ಸುತ್ತ ಕುಸುಬಿ ಸಾಲು ಇರುತ್ತಿತ್ತು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಅದೇ ಕುಸುಬಿ ಗಾಣಕ್ಕೆ ಹೋಗಿ, ಎಣ್ಣೆಯಾಗಿ, ರೊಟ್ಟಿ ಜೊತೆಗಿನ ಹಿಂಡಿ ಮೇಲೆ ಬೀಳುತ್ತಿತ್ತು. ಆ ಹೆಸರು ಕೇಳಿದರೆ ನಮ್ಮ ಕಡೆಯ ಯಾವ ತಾಯಿಗೂ ನಂಬಿಕೆ ಬರುತ್ತದೆ. ನನಗೆ ಸಂಕಟ ಆಗಿದ್ದು ಅದಕ್ಕೇ.

ಕುಸುಬಿ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಲಿನೋಲಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲವೇ. ಕಾರ್ಖಾನೆಯಲ್ಲಿ ಅದಕ್ಕೆ ಕ್ಷಾರ ಹಾಕಿ ಕಾಯಿಸುತ್ತಾರೆ. ಆಗ ಅದರೊಳಗಿನ ಜೋಡಿ ಬಂಧಗಳು, ಅಂದರೆ ಇಂಗಾಲದ ಪರಮಾಣುಗಳ ನಡುವಿನ ಎರಡೆಳೆಯ ಕೊಂಡಿಗಳು, ಜಾಗ ಬದಲಿಸಿ ಸಿಎಲ್‌ಎ ಆಗುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ, ಹೆಚ್ಚುಕಡಿಮೆ ಅರ್ಧರ್ಧ. ಒಂದು ಬಗೆ ಹಾಲು, ಬೆಣ್ಣೆಯಲ್ಲೂ ಸ್ವಲ್ಪ ಇರುತ್ತದೆ. ಇನ್ನೊಂದರ ಹೆಸರು ಟ್ರಾನ್ಸ್-10, ಸಿಸ್-12. ಅದು ನಮ್ಮ ಊಟದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಕೊಬ್ಬು ಕರಗುತ್ತದೆ ಎಂಬ ಮಾತು ನಿಂತಿರುವುದೇ ಈ ಎರಡನೆಯ ಬಗೆಯ ಮೇಲೆ.

ಎಣ್ಣೆ ಡಬ್ಬಿಯ ಬಾಯಿಯ ಸುತ್ತ ಅಂಟಂಟಾದ ಹಳದಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಉಗುರಿನಿಂದ ಕೆರೆದರೂ ಬೇಗ ಬಿಡುವುದಿಲ್ಲ. ಗಾಳಿಯ ಆಮ್ಲಜನಕ ಎಣ್ಣೆಯನ್ನು ಹಿಡಿದು ಕೆಡಿಸಿದ ಗುರುತು ಅದು. ಮೈಯೊಳಗಿನ ಕೊಬ್ಬಿಗೂ ಇಂಥದ್ದೇ ಕಾಟ ಇದೆ. ಅದು ದೇಹದ ತಡೆಯುವ ಶಕ್ತಿಯನ್ನು ಮೀರಿದಾಗ ಡಾಕ್ಟರುಗಳು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. ಬೊಜ್ಜು ಇರುವವರಲ್ಲಿ ಇದು ಮೊದಲೇ ಜಾಸ್ತಿ. ಕೊಬ್ಬಿನ ಕಣಗಳು ಉಬ್ಬಿದಾಗ ಅಲ್ಲಿ ಉರಿಯೂತದ ಕಣಗಳು ಬಂದು ಸೇರುತ್ತವೆ. ಕೆಟ್ಟ ಕೊಬ್ಬಿನಿಂದ ಐಸೊಪ್ರೊಸ್ಟೇನ್ ಎಂಬ ವಸ್ತು ಹುಟ್ಟಿ ಮೂತ್ರದಲ್ಲಿ ಹೊರಬರುತ್ತದೆ. ಅದನ್ನು ಅಳೆದರೆ ಒಳಗಿನ ಕಥೆ ತಿಳಿಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದವರು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೈತೂಕ ಹೆಚ್ಚಿದ್ದವರಲ್ಲಿ ಈ ಅಳತೆಯೂ ಹೆಚ್ಚೇ ಇತ್ತು.

ಈಗ ಆ ಗುಳಿಗೆಯ ವಿಷಯ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 60 ಗಂಡಸರನ್ನು ಮೂರು ಗುಂಪು ಮಾಡಿದರು. ಎಲ್ಲರಿಗೂ ಹೊಟ್ಟೆ ಬೊಜ್ಜು, ಜೊತೆಗೆ ಬಿಪಿ, ಶುಗರ್, ರಕ್ತದ ಕೊಬ್ಬಿನಲ್ಲಿ ಏರುಪೇರು. ಒಂದು ಗುಂಪಿಗೆ ಟ್ರಾನ್ಸ್-10, ಸಿಸ್-12 ಬಗೆ, ಒಂದಕ್ಕೆ ಎರಡೂ ಸೇರಿದ್ದು, ಇನ್ನೊಂದಕ್ಕೆ ಸಿಎಲ್‌ಎ ಇಲ್ಲದ, ಬರೀ ತೋರಿಕೆಯ ಗುಳಿಗೆ. ದಿನಕ್ಕೆ 3.4 ಗ್ರಾಂ, 12 ವಾರ. ಫಲಿತಾಂಶ 2002ರಲ್ಲಿ ಬಂತು. ಮೊದಲನೆಯ ಗುಂಪಿನವರ ಮೂತ್ರದಲ್ಲಿ ಐಸೊಪ್ರೊಸ್ಟೇನ್ ಹಲವು ಪಟ್ಟು ಏರಿತ್ತು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಕೂಡ ಏರಿತ್ತು. ಇನ್ಸುಲಿನ್ ಸರಿಯಾಗಿ ನಾಟುವುದು ಕಡಿಮೆಯಾಗಿತ್ತು. ನಮ್ಮ ಓಣಿಯ ಹುಡುಗ ನುಂಗುವುದು ದಿನಕ್ಕೆ 3 ಗ್ರಾಂ. ಅದರಲ್ಲಿ ಅರ್ಧದಷ್ಟು ಇದೇ ಬಗೆ. ಇಷ್ಟಕ್ಕೆಲ್ಲ ಸಿಗುವ ಲಾಭ ಏನು? ಆರು ತಿಂಗಳು ನುಂಗಿದರೂ ತೂಕದಲ್ಲಿ ಒಂದು ಕಿಲೋ ಆಸುಪಾಸು.

ಮೀನೆಣ್ಣೆ ಗುಳಿಗೆಯ ಮಾತು ಬೇರೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಬಹಳ ಏರಿದ್ದವರಿಗೆ ಡಾಕ್ಟರು ಬರೆದುಕೊಟ್ಟರೆ ಅದರ ಉಪಯೋಗ ಇದೆ. ಬೊಜ್ಜು ಕರಗಿಸಲು ಅದೂ ಅಲ್ಲ. ಅದನ್ನು ಇಡುವ ರೀತಿಯೂ ನೋಡಬೇಕು. ಹೋದ ವರ್ಷ ಏಪ್ರಿಲ್‌ನಲ್ಲಿ ನನಗೆ ಬಂದ ಪೆಟ್ಟಿಗೆ ಗಾಡಿಯ ಮೇಲೆ ಬಿಸಿಲಿನಲ್ಲಿ ಇಡೀ ದಿನ ಕಳೆದಿತ್ತು. ಒಂದು ಗುಳಿಗೆಯನ್ನು ಕತ್ತರಿಯಿಂದ ಕತ್ತರಿಸಿ ಮೂಗಿಗೆ ಹಿಡಿದೆ. ಹಳೇ ಪೇಂಟಿನ ಕಮಟು ವಾಸನೆ. ಪೂರ್ತಿ ವಾಪಸ್ ಕಳಿಸಿದೆ. "ಮೀನೆಣ್ಣಿ ವಾಸನೀನ ಹಂಗ ಇರತೈತ್ರಿ" ಅಂದರು ಕೊಟ್ಟವರು. ಮೀನಿನ ವಾಸನೆಗೂ ಕಮಟಿಗೂ ವ್ಯತ್ಯಾಸ ನನಗೆ ಗೊತ್ತು. ಜೋಡಿ ಬಂಧ ಹೆಚ್ಚಿದ್ದಷ್ಟೂ ಆಮ್ಲಜನಕ ಬೇಗ ಹಿಡಿಯುತ್ತದೆ. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಕೊಬ್ಬಿನ ಆಮ್ಲದಲ್ಲಿ ಅಂಥವು ಆರು ಇರುವುದರಿಂದ ಅದು ಕುಸುಬಿ ಎಣ್ಣೆಗಿಂತ ಎಷ್ಟೋ ಬೇಗ ಕೆಡುತ್ತದೆ.

ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ಒಂದು ಕಳಕಳಿಯ ವಿನಂತಿ. ಇಂಥ ಬಾಟಲಿಗಳ ಮೇಲೆ ಇದು ಔಷಧವಾಗಿ ಬಳಸಲು ಅಲ್ಲ ಎಂದು ಬರೆಯಬೇಕೆಂದು 2016ರ ನಿಯಮವೇ ಹೇಳುತ್ತದೆ. ಬರೆದೂ ಇರುತ್ತದೆ, ಇಂಗ್ಲಿಷಿನಲ್ಲಿ, ಅಕ್ಕಿ ಕಾಳಿಗಿಂತ ಸಣ್ಣದಾಗಿ. ಅದನ್ನು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಹಾಕಿಸಿ. ಹುಬ್ಬಳ್ಳಿ-ಧಾರವಾಡದ ಜಿಮ್‌ಗಳಲ್ಲಿ ಏನೇನು ಮಾರುತ್ತಾರೆ, ಅದಕ್ಕೆ ಲೈಸೆನ್ಸ್ ಇದೆಯಾ, ಒಮ್ಮೆ ಹೋಗಿ ನೋಡಿ.

ಆ ಹುಡುಗನನ್ನು ಮರುದಿನ ಕರೆಸಿದೆ. ಟೇಪ್ ಹಿಡಿದು ಸೊಂಟ ಅಳೆದೆ, 106 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು. ಬಾಟಲಿ ನನ್ನ ಬಳಿಯೇ ಬಿಟ್ಟು, ಶುಗರ್ ಪರೀಕ್ಷೆಗೆ ಚೀಟಿ ತೆಗೆದುಕೊಂಡು ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋದ.

— ಒಬ್ಬ ಔಷಧ ವ್ಯಾಪಾರಿ, ಹುಬ್ಬಳ್ಳಿ